ಕೆರ್ನರ್ ಎಂಬ ಬಿಳಿ ದ್ರಾಕ್ಷಿ: ಸಂಕರ ತಳಿಯ ವೈನ್ ಎಂದರೆ ಕಲಬೆರಕೆಯೇ?

ಕುವೆಂಪುನಗರದ ನಿವೃತ್ತ

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಸ್ಟಟ್‌ಗಾರ್ಟಿನಲ್ಲಿರುವ ನನ್ನ ಮಗಳು ಕಳೆದ ತಿಂಗಳು ಮೈಸೂರಿಗೆ ಬಂದಾಗ ಒಂದು ಬಾಟಲಿ ಬಿಳಿ ವೈನ್ ತಂದುಕೊಟ್ಟಳು. ಚೀಟಿಯ ಮೇಲೆ ‘ಕೆರ್ನರ್’ ಎಂದಿದೆ. ಅದು ಊರಿನ ಹೆಸರಲ್ಲ, ದ್ರಾಕ್ಷಿ ತಳಿಯ ಹೆಸರು. ಟ್ರೊಲಿಂಗರ್ ಎಂಬ ಕೆಂಪು ದ್ರಾಕ್ಷಿಗೂ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಗೂ ಸಂಕರ ಮಾಡಿ ಪಡೆದದ್ದು ಎಂದು ಅವಳು ವಿವರಿಸಿದಳು.

ಈ ಮಾತು ಕೇಳಿಸಿಕೊಂಡ ಮದ್ದೂರಿನ ನನ್ನ ಬಾಮೈದ, ‘ಭಾವ, ಇದು ಹೈಬ್ರಿಡ್ ಟೊಮೆಟೊ ಕಥೆಯೇ. ನೋಡಲು ಚೆಂದ, ಸಾರಿಗೆ ಹಾಕಿದರೆ ಹುಳಿಯೂ ಇಲ್ಲ, ರುಚಿಯೂ ಇಲ್ಲ. ಕೆಂಪು ಬಿಳಿ ಎರಡನ್ನೂ ಬೆರೆಸಿ ಹೊಸ ಹೆಸರಿಟ್ಟು ಮಾರುತ್ತಾರೆ’ ಎಂದು ತೀರ್ಪು ಕೊಟ್ಟುಬಿಟ್ಟ. ಬಾಟಲಿಯನ್ನು ನಾನಿನ್ನೂ ತೆರೆದಿಲ್ಲ. ಕೆಂಪು ತಳಿಗೆ ಬಿಳಿ ಹಣ್ಣು ಹುಟ್ಟುವುದಾದರೂ ಹೇಗೆ, ಸಂಕರ ಎಂದ ಮಾತ್ರಕ್ಕೆ ಅದು ಕೀಳೇ ಎಂಬುದನ್ನು ಬಲ್ಲವರು ತಿಳಿಸಬೇಕು. ಬನ್ನೂರಿನ ಬಳಿ ನಮಗೆ ಒಂದು ಎಕರೆ ಕೆಂಪು ಮಣ್ಣಿನ ಹೊಲವೂ ಇದೆ. ಅಲ್ಲಿ ಇದನ್ನು ಬೆಳೆಯಬಹುದೇ ಎಂಬ ಆಸೆಯನ್ನೂ ಮುಚ್ಚಿಡುವುದಿಲ್ಲ.

ತಳಿ ಮೇಷ್ಟ್ರು

ಕಲಬೆರಕೆ ಖಂಡಿತ ಅಲ್ಲ ಸರ್. ಎರಡು ವೈನುಗಳನ್ನು ಒಂದು ಪೀಪಾಯಿಗೆ ಸುರಿಯುವುದು ಬೇರೆ, ಎರಡು ಬಳ್ಳಿಗಳನ್ನು ಕೂಡಿಸಿ ಮೂರನೆಯ ಬಳ್ಳಿಯನ್ನು ಪಡೆಯುವುದು ಬೇರೆ. ವುರ್ಟೆಂಬರ್ಗ್ ಸೀಮೆಯ ವೈನ್ಸ್‌ಬರ್ಗಿನ ದ್ರಾಕ್ಷಿ ಶಾಲೆಗೆ ಸೇರಿದ ಲೌಫೆನ್ ತಳಿ ಕೇಂದ್ರದಲ್ಲಿ ಆಗಸ್ಟ್ ಹೆರೋಲ್ಡ್ ಎಂಬ ವಿಜ್ಞಾನಿ 1929ರಲ್ಲಿ ಈ ಸಂಕರ ಮಾಡಿದರು. ಟ್ರೊಲಿಂಗರ್ ತಾಯಿ, ರೀಸ್ಲಿಂಗ್ ತಂದೆ.

ದ್ರಾಕ್ಷಿಯ ಹೂವು ಸಾಸಿವೆ ಕಾಳಿಗಿಂತ ಸ್ವಲ್ಪವೇ ದೊಡ್ಡದು. ಅದರೊಳಗೆ ಗಂಡು ಭಾಗ, ಹೆಣ್ಣು ಭಾಗ ಎರಡೂ ಇರುವುದರಿಂದ, ತಾಯಿ ಬಳ್ಳಿಯ ಒಂದೊಂದು ಮೊಗ್ಗಿನ ಟೊಪ್ಪಿಗೆಯನ್ನೂ ಅದು ಅರಳುವ ಮೊದಲೇ ಚಿಮಟದಿಂದ ಎತ್ತಿ, ಕೇಸರಗಳನ್ನು ಕಿತ್ತು, ಗೊಂಚಲಿಗೆ ಕಾಗದದ ಚೀಲ ಕಟ್ಟಿ, ಆಮೇಲೆ ತಂದೆ ಬಳ್ಳಿಯ ಪರಾಗವನ್ನು ಕುಂಚದಿಂದ ಸವರುತ್ತಾರೆ. ಹಣ್ಣಾದ ಮೇಲೆ ಬೀಜ ತೆಗೆದು ಬಿತ್ತುತ್ತಾರೆ. ಹುಟ್ಟಿದ ಸಸಿಗಳಲ್ಲಿ ಬಹುಪಾಲು ಕಿತ್ತು ಬಿಸಾಡುವಂಥವೇ. ವರ್ಷಗಟ್ಟಲೆ ಗಮನಿಸಿದ ಮೇಲೆ ಉಳಿಯುವುದು ಒಂದೋ ಎರಡೋ. ಹೆರೋಲ್ಡ್ ಅವರ ಈ ಸಸಿಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1969ರಲ್ಲಿ, ಅಂದರೆ ಸಂಕರ ನಡೆದ ನಲವತ್ತು ವರ್ಷಗಳ ಮೇಲೆ. ನಿಮ್ಮ ಬಾಮೈದರು ಹೇಳುವ ಬೆರಕೆಗೆ ಅಷ್ಟು ಕಾಲ ಬೇಕಾಗುವುದಿಲ್ಲ.

ವಿಜಯನಗರ ಎರಡನೇ ಹಂತ

ಹೆಸರಿನ ಬಗ್ಗೆ ಒಂದು ಮಾತು. ಈ ತಳಿಗೆ ಇಟ್ಟಿರುವುದು ಯುಸ್ಟಿನುಸ್ ಕೆರ್ನರ್ (1786–1862) ಎಂಬವನ ಹೆಸರು. ಅವನು ವೈನ್ಸ್‌ಬರ್ಗಿನಲ್ಲೇ ಇದ್ದ ವೈದ್ಯ ಮತ್ತು ಕವಿ. ವೈನಿನ ಮೇಲೂ ಪದ್ಯ ಬರೆದವನು. ಕೆಟ್ಟ ಸಾಸೇಜ್ ತಿಂದವರಿಗೆ ಏರುವ ವಿಷದ ಲಕ್ಷಣಗಳನ್ನು, ಇಂದು ನಾವು ಬೊಟುಲಿಸಂ ಎನ್ನುವ ಕಾಯಿಲೆಯನ್ನು, ವಿವರವಾಗಿ ದಾಖಲಿಸಿದವನೂ ಅವನೇ.

ಶ್ರೀರಂಗಪಟ್ಟಣ ಕಾಲುವೆ

ತಳಿಗೆ ಕವಿಯ ಹೆಸರಿಡುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಕಬ್ಬಿಗೂ ಭತ್ತಕ್ಕೂ ಬಸ್ಸಿನ ನಂಬರಿನಂಥ ಸಂಖ್ಯೆಗಳೇ ಗತಿ.

ಕೂಳೆ ಕಬ್ಬು

ಮೇಲೆ ಉಲ್ಲೇಖಗೊಂಡಿರುವ ಬಾಮೈದ ನಾನೇ. ಭಾವನವರು ಇಷ್ಟು ಜನರ ಮುಂದೆ ಪಂಚಾಯಿತಿ ಹಾಕುತ್ತಾರೆಂದು ನನಗೆ ತಿಳಿದಿರಲಿಲ್ಲ. ಆದರೂ ನನ್ನ ಮಾತಿಗೆ ನಾನು ಬದ್ಧನಾಗಿದ್ದೇನೆ.

ನಮ್ಮ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲೇ ಕೆಆರ್‌ಎಚ್-2 ಎಂಬ ಹೈಬ್ರಿಡ್ ಭತ್ತ ತಯಾರಾಯಿತು. ಇಳುವರಿ ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಬೆಳೆದ ಕಾಳನ್ನೇ ಉಳಿಸಿ ಮುಂದಿನ ವರ್ಷ ಬಿತ್ತಿದರೆ ಒಂದು ಪೈರು ಮೊಣಕಾಲುದ್ದ, ಪಕ್ಕದ್ದು ಎದೆಯುದ್ದ. ಒಂದು ಇಂದು ತೆನೆ ಹಾಯುತ್ತದೆ, ಇನ್ನೊಂದು ಹದಿನೈದು ದಿನ ಬಿಟ್ಟು. ಸಂಕರದ ಗುಣ ಒಂದೇ ತಲೆಮಾರಿನಲ್ಲಿ ಚದುರಿಹೋಗುತ್ತದೆ. ಹಾಗೆ ಚದುರುವ ವಸ್ತುವಿಗೆ ಸ್ಥಿರವಾದ ರುಚಿ ಎಲ್ಲಿಂದ ಬರಬೇಕು? ನೂರಾರು ವರ್ಷಗಳಿಂದ ಬಂದ ನಾಟಿ ದ್ರಾಕ್ಷಿಯೇ ಬೇರೆ, ಪ್ರಯೋಗಾಲಯದ ದ್ರಾಕ್ಷಿಯೇ ಬೇರೆ.

ತಳಿ ಮೇಷ್ಟ್ರು

@ಕೂಳೆ ಕಬ್ಬು, ಗೌಡರೇ, ಭತ್ತದ ವಿಷಯದಲ್ಲಿ ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ಭತ್ತ ಬೀಜದಿಂದ ಹುಟ್ಟುತ್ತದೆ, ದ್ರಾಕ್ಷಿ ತೋಟ ಬೀಜದಿಂದ ಹುಟ್ಟುವುದಿಲ್ಲ. ತಳಿ ತಯಾರಿಸುವಾಗ ಒಮ್ಮೆ ಮಾತ್ರ ಬೀಜ ಬಿತ್ತುತ್ತಾರೆ. ಆಮೇಲಿನದೆಲ್ಲ ಕಡ್ಡಿ ನೆಡುವುದು, ಕಸಿ ಕಟ್ಟುವುದು. ಇಂದು ಜರ್ಮನಿಯಲ್ಲಿ, ಇಟಲಿಯಲ್ಲಿ, ಜಪಾನಿನ ಹೊಕ್ಕೈಡೋದಲ್ಲಿ ಇರುವ ಕೆರ್ನರ್ ಬಳ್ಳಿಗಳೆಲ್ಲ ಹೆರೋಲ್ಡ್ ಆರಿಸಿಕೊಂಡ ಆ ಒಂದೇ ಸಸಿಯ ತುಂಡುಗಳು. ತಲೆಮಾರೇ ಇಲ್ಲದ ಮೇಲೆ ಗುಣ ಚದುರುವ ಮಾತೆಲ್ಲಿ?

ತಮ್ಮ ಹೆಸರನ್ನೇ ಕೂಳೆ ಕಬ್ಬು ಎಂದು ಇಟ್ಟುಕೊಂಡಿದ್ದೀರಿ, ಆದ್ದರಿಂದ ಕೇಳುತ್ತೇನೆ: ನಿಮ್ಮ ಗದ್ದೆಯಲ್ಲಿ ಇರುವ ಕಬ್ಬು ಯಾವುದು?

ಕೂಳೆ ಕಬ್ಬು

86032.

ತಳಿ ಮೇಷ್ಟ್ರು

ಅದು ಕೊಯಮತ್ತೂರಿನ ಸಂಕರ ತಳಿ. ಕೊ 62198 ತಾಯಿ, ಕೊಸಿ 671 ತಂದೆ. ಅದರ ವಂಶವನ್ನು ಹಿಂದಕ್ಕೆ ಹಿಡಿದು ಹೋದರೆ, ಅಲ್ಲಿನ ವಿಜ್ಞಾನಿಗಳಾದ ಬಾರ್ಬರ್ ಮತ್ತು ವೆಂಕಟರಾಮನ್ ಅವರು ಸಿಹಿ ಕಬ್ಬಿಗೂ ಕಾಡುಜಾತಿಯ ಹುಲ್ಲಿಗೂ ಸಂಕರ ಮಾಡಲು ತೊಡಗಿದ ಕಾಲಕ್ಕೆ ಮುಟ್ಟುತ್ತೀರಿ. ಅಂದರೆ ನಿಮ್ಮ ಕಬ್ಬು ಎರಡು ಬೇರೆ ಬೇರೆ ಪ್ರಭೇದಗಳ ನೆತ್ತರು ಬೆರೆತದ್ದು. ಕೆರ್ನರಿನ ತಂದೆ ತಾಯಿಗಳಿಬ್ಬರೂ ವಿಟಿಸ್ ವಿನಿಫೆರಾ ಎಂಬ ಒಂದೇ ಪ್ರಭೇದದವು. ನೀವು ಎರಡು ಕಣ್ಣಿನ ತುಂಡು ನೆಟ್ಟು, ಕಡಿದ ಮೇಲೆ ಕೂಳೆ ಬಿಟ್ಟು, ಪುನಃ ಅದೇ ಕಬ್ಬನ್ನು ಪಡೆಯುತ್ತೀರಿ. ಬೆಲ್ಲದ ರುಚಿ ವರ್ಷದಿಂದ ವರ್ಷಕ್ಕೆ ಚದುರಿದೆಯೇ? ಬಳ್ಳಿಯ ಲೆಕ್ಕವೂ ಇಷ್ಟೇ.

ಶ್ರೀರಂಗಪಟ್ಟಣ ಕಾಲುವೆ

ಗೌಡರು ತಮ್ಮ ಆಲೆಮನೆಯ ಕೊಪ್ಪರಿಗೆಗೆ ತಾವೇ ಬಿದ್ದರು.

ಕೂಳೆ ಕಬ್ಬು

ನಗುವವರು ನಗಲಿ. ಕಬ್ಬಿನ ವಿಷಯ ಒಪ್ಪಿಕೊಂಡೆ. ಆದರೆ ಕೆಂಪು ತಾಯಿಗೆ ಬಿಳಿ ಮಗು ಹೇಗೆ ಎಂಬ ಭಾವನವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ವಿಜಯನಗರ ಎರಡನೇ ಹಂತ

ನಾನು ಜೀವವಿಜ್ಞಾನ ಓದಿದವಳು, ಪ್ರಯತ್ನಿಸುತ್ತೇನೆ. ದ್ರಾಕ್ಷಿಯ ಮೂಲ ಬಣ್ಣ ಕಪ್ಪು-ಕೆಂಪು. ಸಿಪ್ಪೆಯಲ್ಲಿ ಬಣ್ಣ ತಯಾರಿಸಲು ಅಪ್ಪಣೆ ಕೊಡುವ ವಂಶವಾಹಿ ಕೆಟ್ಟಾಗ ಹಣ್ಣು ಬಿಳಿಯಾಗುತ್ತದೆ. ಪ್ರತಿ ಬಳ್ಳಿಯಲ್ಲೂ ಆ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ಕೆಲಸ ಮಾಡಿದರೂ ಹಣ್ಣು ಕೆಂಪೇ. ಟ್ರೊಲಿಂಗರ್ ಹೊರಗೆ ಕೆಂಪು, ಆದರೆ ಅದರೊಳಗೆ ಕೆಟ್ಟ ಪ್ರತಿಯೊಂದು ಅಡಗಿದೆ. ರೀಸ್ಲಿಂಗಿನಲ್ಲಿ ಎರಡೂ ಕೆಟ್ಟವೇ. ಇವೆರಡನ್ನು ಕೂಡಿಸಿದರೆ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಕೆಂಪು, ಅರ್ಧ ಬಿಳಿ ಬರಬೇಕು. ಕೆರ್ನರ್ ಆ ಬಿಳಿಯ ಅರ್ಧಕ್ಕೆ ಸೇರಿದ ಸಸಿ. ಅದರ ಬೀಜ ಬೆಳೆದದ್ದು ಮಾತ್ರ ಕೆಂಪು ಹಣ್ಣಿನ ಹೊಟ್ಟೆಯಲ್ಲಿ.

ಟ್ರೊಲಿಂಗರ್ ಎಂಬ ಹೆಸರಿಗೆ ಟಿರೋಲ್ ಸೀಮೆಯೇ ಮೂಲ ಎನ್ನುತ್ತಾರೆ. ಇಂದು ಇಟಲಿಗೆ ಸೇರಿರುವ ದಕ್ಷಿಣ ಟಿರೋಲಿನಲ್ಲಿ ಅದನ್ನು ಸ್ಕಿಯಾವಾ ಎಂದು ಕರೆಯುತ್ತಾರೆ. ಇಂದು ಒಳ್ಳೆಯ ಕೆರ್ನರ್ ವೈನ್ ಬರುವ ಜಾಗಗಳಲ್ಲಿ ದಕ್ಷಿಣ ಟಿರೋಲಿನ ಇಸಾರ್ಕೊ ಕಣಿವೆ ಮುಖ್ಯವಾದದ್ದು. 1142ರಲ್ಲಿ ಸ್ಥಾಪನೆಯಾದ ನೊವಾಚೆಲ್ಲಾ ಮಠದವರು ಅಲ್ಲಿ ಈಗಲೂ ಕೆರ್ನರ್ ತಯಾರಿಸುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ ಮಗಳು ತಾಯಿಯ ತವರಿಗೆ ಹೋಗಿ ಹೆಸರು ಮಾಡಿದಂತಾಯಿತು.

ನಂಜನಗೂಡಿನ ಬಾಳೆ

ಒಂದೇ ಗಿಡದ ತುಂಡುಗಳು ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿದರು. ಅದರ ಇನ್ನೊಂದು ಮುಖವನ್ನು ನಮ್ಮ ಊರಿನವರು ಕಂಡಿದ್ದೇವೆ. ರಸಬಾಳೆಯೂ ಕಂದಿನಿಂದಲೇ ಬೆಳೆಯುವಂಥದ್ದು. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲವೆಂದರೆ ಯಾವ ಗಿಡಕ್ಕೂ ಇಲ್ಲ. ಪನಾಮಾ ಸೊರಗು ರೋಗ ಮಣ್ಣಿಗೆ ಬಂದು ಕೂತ ಮೇಲೆ ನಮ್ಮ ತಂದೆಯವರು ಮೂರು ಸಲ ನೆಟ್ಟರು, ಮೂರು ಸಲವೂ ಎಲೆ ಹಳದಿಯಾಗಿ ದಿಂಡು ಸೀಳಿತು. ಕೊನೆಗೆ ಆ ಜಾಗಕ್ಕೆ ಬೇರೆ ಬಾಳೆ ಬಂತು. ದೇವರಾಜ ಮಾರುಕಟ್ಟೆಯಲ್ಲಿ ‘ರಸಬಾಳೆ’ ಎಂದು ಕೂಗುವ ಎಲ್ಲ ಗೊನೆಯೂ ರಸಬಾಳೆ ಅಲ್ಲವೆಂಬುದು ನಿಮಗೆ ಗೊತ್ತಿರಲಿ.

ತಳಿ ಮೇಷ್ಟ್ರು

ನ್ಯಾಯವಾದ ಆಕ್ಷೇಪಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಬೇರಿನ ಹೇನು ಅಮೆರಿಕದಿಂದ ಬಂದು ಯುರೋಪಿನ ತೋಟಗಳನ್ನು ಒಣಗಿಸಿದ್ದೂ ಇದೇ ಕಾರಣದಿಂದ. ಆಮೇಲೆ ಅವರು ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ತಮ್ಮ ತಳಿಗಳನ್ನು ಕಸಿ ಕಟ್ಟಲು ಕಲಿತರು. ಕೆರ್ನರ್ ಕೂಡ ಕಸಿಯ ಬಳ್ಳಿಯೇ.

ಹಾಲಿನ ಡೇರಿ ರಸ್ತೆ

ಎಲ್ಲರೂ ತಳಿಯನ್ನು ಹೊಗಳುತ್ತಿದ್ದೀರಿ. ಅಷ್ಟು ಒಳ್ಳೆಯದಾದರೆ ಜರ್ಮನಿಯವರೇ ಅದನ್ನು ಕಿತ್ತುಹಾಕುತ್ತಿರುವುದೇಕೆ? 1990ರ ದಶಕದ ಆರಂಭದಲ್ಲಿ ಅಲ್ಲಿ ಏಳೆಂಟು ಸಾವಿರ ಹೆಕ್ಟೇರ್ ಕೆರ್ನರ್ ಇತ್ತು. ಈಚಿನ ವರ್ಷಗಳಲ್ಲಿ ಅದು ಎರಡು ಸಾವಿರದ ಆಸುಪಾಸಿಗೆ ಇಳಿದಿದೆ. ಮಾರುಕಟ್ಟೆ ಸುಳ್ಳು ಹೇಳುವುದಿಲ್ಲ.

ವಿಜಯನಗರ ಎರಡನೇ ಹಂತ

ಮಾರುಕಟ್ಟೆ ಬೇಕಾದಷ್ಟು ಸುಳ್ಳು ಹೇಳುತ್ತದೆ ಸ್ವಾಮಿ. ರೀಸ್ಲಿಂಗ್ ಹಣ್ಣಾಗಲು ನಿಧಾನ; ಅದಕ್ಕೆ ಬಿಸಿಲು ನೇರವಾಗಿ ಬೀಳುವ ಒಳ್ಳೆಯ ಇಳಿಜಾರೇ ಬೇಕು. ಕೆರ್ನರ್ ಅದಕ್ಕಿಂತ ಬೇಗ ಮಾಗುತ್ತದೆ, ಸಾಧಾರಣ ಜಾಗದಲ್ಲೂ ಸಕ್ಕರೆ ಕೂಡಿಸಿಕೊಳ್ಳುತ್ತದೆ, ಚಿಗುರು ತಡವಾಗಿ ಬರುವುದರಿಂದ ವಸಂತದ ಮಂಜಿಗೆ ಸಿಕ್ಕಿಬೀಳುವುದೂ ಕಡಿಮೆ. ಇಷ್ಟೆಲ್ಲ ಅನುಕೂಲವಿದ್ದದ್ದೇ ಅದಕ್ಕೆ ಮುಳುವಾಯಿತು. ಸಮತಟ್ಟು ನೆಲದಲ್ಲಿ ರಾಶಿ ರಾಶಿ ಬೆಳೆದು, ಸಿಹಿ ಉಳಿಸಿ, ಅಗ್ಗದ ಬಾಟಲಿಗೆ ತುಂಬಿದರು. ಸಿಹಿ ವೈನಿನ ಮೋಜು ಕಳೆದಾಗ ಜನ ವೈನ್ ಮಾಡಿದವನನ್ನು ಬಿಟ್ಟು ತಳಿಯನ್ನು ಬೈದರು. ಇಸಾರ್ಕೊ ಕಣಿವೆಯವರು ಅದೇ ಬಳ್ಳಿಯನ್ನು ಆರುನೂರು ಮೀಟರಿಗೂ ಎತ್ತರದ ಇಳಿಜಾರುಗಳಲ್ಲಿ ಬೆಳೆಸಿ, ಸಿಹಿ ಉಳಿಸದೆ ಪೂರ್ತಿ ಹುದುಗಿಸಿ ಮರ್ಯಾದೆ ತಂದುಕೊಟ್ಟರು.

ಹಾಲಿನ ಡೇರಿ ರಸ್ತೆ

ರೀಸ್ಲಿಂಗಿನ ಹುಳಿ, ಆಯಸ್ಸು ಎರಡೂ ಇದಕ್ಕಿಲ್ಲ ಎಂಬುದನ್ನು ನೀವೂ ಒಪ್ಪಬೇಕು ಮೇಡಂ.

ವಿಜಯನಗರ ಎರಡನೇ ಹಂತ

ಹುಳಿ ಸ್ವಲ್ಪ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಕುಡಿಯುವವರಿಗೆ ಅದೇ ಹಿತವಾಗಿರಲೂಬಹುದು.

ಕುವೆಂಪುನಗರದ ನಿವೃತ್ತ

ಇಷ್ಟು ಚರ್ಚೆಯಾದ ಮೇಲೆ ತಡೆಯಲಾಗದೆ ನಿನ್ನೆ ಸಂಜೆ ಬಾಟಲಿ ತೆರೆದೆ. ಫ್ರಿಜ್ಜಿನಲ್ಲಿ ಹಾಲಿನ ಪ್ಯಾಕೆಟ್ಟುಗಳ ಪಕ್ಕ ಮೂರು ಗಂಟೆ ಇಟ್ಟಿದ್ದೆ. ಮನೆಯಲ್ಲಿ ಕಾಲಿನ ಗಾಜಿನ ಲೋಟಗಳಿಲ್ಲ. ಮೊದಲು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ, ಬಣ್ಣ ಕಾಣಲಿಲ್ಲವೆಂದು ಹಾರ್ಲಿಕ್ಸ್ ಕುಡಿಯುವ ಗಾಜಿನ ಲೋಟಕ್ಕೆ ಬದಲಾಯಿಸಿದೆ. ತೆಳು ಹುಲ್ಲಿನ ಬಣ್ಣ, ಅಂಚಿನಲ್ಲಿ ಹಸಿರು ನೆರಳು. ತಣ್ಣಗಿದ್ದಾಗ ಹಸಿರು ಸೇಬಿನ ಸಿಪ್ಪೆಯ ವಾಸನೆ ಮಾತ್ರ ಇತ್ತು. ಹತ್ತು ನಿಮಿಷ ಬಿಟ್ಟು ಮೂಗಿಗೆ ಹಿಡಿದರೆ ಮಾಗಿದ ಜರ್ದಾಳು ಹಣ್ಣಿನ ಘಮ, ಅದರ ಹಿಂದೆ ಹೂವಿನದೋ ಎಂಬಂಥ ಒಂದು ಎಳೆ. ನಾಲಗೆಗೆ ಮೊದಲು ನಿಂಬೆಯ ಚುರುಕು, ಆಮೇಲೆ ತುಸು ದುಂಡಗಿನ ರುಚಿ. ಸಿಹಿ ಇರಲಿಲ್ಲ.

ಮದ್ದೂರು ವಡೆಯ ಜೊತೆ ಕುಡಿದೆ. ವಡೆಯ ಎಣ್ಣೆ ಮತ್ತು ಈರುಳ್ಳಿಗೆ ಆ ಹುಳಿ ಚೆನ್ನಾಗಿ ಒದಗಿತು. ಕಾಯಿ ಚಟ್ನಿ ಮುಟ್ಟಿದ ಮೇಲೆ ಮಾತ್ರ ಹಸಿಮೆಣಸಿನ ಖಾರವೇ ಗೆದ್ದಿತು, ವೈನ್ ನೀರಾಯಿತು.

ಇನ್ನು ಬೆಳೆಯುವ ವಿಷಯ. ಇಸಾರ್ಕೊ ಕಣಿವೆ ಆರುನೂರು ಮೀಟರಿಗೂ ಎತ್ತರ ಎಂದಿರಿ. ನಮ್ಮ ಮೈಸೂರೂ ಏಳುನೂರು ಮೀಟರ್ ದಾಟಿದೆ. ಹಾಗಾದರೆ ಬನ್ನೂರಿನಲ್ಲಿ ಏಕಾಗದು?

ಕೃಷ್ಣಾ ತೀರದವ

ನಾನು ವಿಜಯಪುರ ಜಿಲ್ಲೆಯ ದ್ರಾಕ್ಷಿ ಮನೆತನದವನು, ಕೆಲಸದ ನಿಮಿತ್ತ ಮೈಸೂರಿನಲ್ಲಿದ್ದೇನೆ. ಸರ್, ಎತ್ತರ ಒಂದನ್ನೇ ನೋಡಬೇಡಿ. ಲೌಫೆನ್ 49 ಡಿಗ್ರಿ ಉತ್ತರದಲ್ಲಿದೆ, ಮೈಸೂರು 12 ಡಿಗ್ರಿಯಲ್ಲಿದೆ. ಅಲ್ಲಿಯ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ. ಹೊಕ್ಕೈಡೋದಲ್ಲಂತೂ ಬಳ್ಳಿಯನ್ನು ಓರೆಯಾಗಿ ಬಗ್ಗಿಸಿ ಬೆಳೆಸಿ ಹಿಮದ ಕೆಳಗೇ ಮಲಗಿಸುತ್ತಾರೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಕಡ್ಡಿ ಕತ್ತರಿಸಿ ಸವರಬೇಕು. ನಮ್ಮ ಕಡೆ ಚಾಟನಿ ಎನ್ನುತ್ತೇವೆ. ಏಪ್ರಿಲ್ ಚಾಟನಿ ಕಡ್ಡಿ ಬಲಿಯುವುದಕ್ಕೆ, ಅಕ್ಟೋಬರ್ ಚಾಟನಿ ಹಣ್ಣಿಗೆ. ಅಕ್ಟೋಬರಿನಲ್ಲಿ ಸವರಿದ ಮೇಲೆ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚಬೇಕು.

ನಿಮ್ಮ ಭಾಗದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲೂ ಮಳೆ ಇರುತ್ತದೆ. ಎಳೆ ಚಿಗುರು, ಹೂಗೊಂಚಲು ಇರುವಾಗ ನಾಲ್ಕು ದಿನ ಮೋಡ ಕವಿದು ಜಿನುಗಿದರೆ ಎಲೆಯ ಕೆಳಗೆ ಡೌನಿ ರೋಗದ ಬಿಳಿ ಬೂಸ್ಟು ಕಾಣಿಸುತ್ತದೆ. ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ (ಮೈಲುತುತ್ತು ಮತ್ತು ಸುಣ್ಣದ ನೀರು) ಡ್ರಮ್ಮು ಹೊಲದಲ್ಲೇ ಇರಬೇಕಾಗುತ್ತದೆ. ಕೆರ್ನರಿಗೆ ಪಕ್ಕದ ಕುಡಿಗಳು ಹೆಚ್ಚು, ಅವನ್ನು ಚಿವುಟುತ್ತಲೇ ಇರಬೇಕು ಎಂದು ಅಲ್ಲಿನವರೇ ಹೇಳುತ್ತಾರೆ. ನಮ್ಮ ಸೆಖೆಯಲ್ಲಿ ಅದು ಪೊದೆಯೇ ಆಗಿಬಿಡುತ್ತದೆ. ಜೊತೆಗೆ ಹಣ್ಣು ಮಾಗುವುದು ಫೆಬ್ರವರಿ-ಮಾರ್ಚ್ ಬಿಸಿಲಿನಲ್ಲಿ. ಸಕ್ಕರೆ ಓಡೋಡಿ ಏರುತ್ತದೆ, ಹುಳಿ ಅಷ್ಟೇ ವೇಗವಾಗಿ ಇಳಿಯುತ್ತದೆ. ನೀವು ಲೋಟದಲ್ಲಿ ಮೆಚ್ಚಿಕೊಂಡದ್ದು ಆ ಹುಳಿಯನ್ನೇ.

ಕೂಳೆ ಕಬ್ಬು

ಸಕ್ಕರೆ ಎಂದರೆ ಬ್ರಿಕ್ಸ್, ಅಂದರೆ ನೂರು ಪಾಲು ರಸದಲ್ಲಿ ಸಕ್ಕರೆ ಎಷ್ಟು ಎಂಬ ಲೆಕ್ಕವೇ? ಕಬ್ಬಿಗೆ ನಾವು 18, 20 ನೋಡುತ್ತೇವೆ.

ಕೃಷ್ಣಾ ತೀರದವ

ಅದೇ ಬ್ರಿಕ್ಸ್, ಅದೇ ಮಾಪಕ. ಬಿಳಿ ವೈನಿಗೆ 20ರಿಂದ 22ರ ಸುಮಾರಿನಲ್ಲಿ ಕೊಯ್ಯುತ್ತಾರೆ. ಲೀಟರ್ ರಸದಲ್ಲಿ 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡ ಒಂದರಷ್ಟು ಆಲ್ಕೋಹಾಲ್ ಎಂದು ಸ್ಥೂಲವಾಗಿ ಲೆಕ್ಕ ಹಿಡಿಯಿರಿ.

ಶ್ರೀರಂಗಪಟ್ಟಣ ಕಾಲುವೆ

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ಆರು ವರ್ಷಗಳ ಹಿಂದೆ ಒಂದು ನರ್ಸರಿಯವರು ‘ಯುರೋಪಿನ ಬಿಳಿ ವೈನ್ ದ್ರಾಕ್ಷಿ’ ಎಂದು ನಲವತ್ತು ಸಸಿ ಕೊಟ್ಟರು. ಕಾಲುವೆ ಕೆಳಗಿನ ಗದ್ದೆಯ ಅಂಚಿನಲ್ಲಿ ಕಲ್ಲು ಕಂಬ ನೆಟ್ಟು, ತಂತಿ ಎಳೆದು, ಮಗುವಿನಂತೆ ಸಾಕಿದೆ. ಕಾಲುವೆಗೆ ನೀರು ಬಿಟ್ಟಾಗಲೆಲ್ಲ ಬೇರಿನಲ್ಲಿ ತೇವ ನಿಂತು ಅರ್ಧ ಸತ್ತವು. ಉಳಿದವು ಎರಡನೆಯ ವರ್ಷ ಗೊಂಚಲು ಬಿಟ್ಟವು. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಒಂದು ದಿನ ಹಸಿರು ಕಾಯಿಗಳ ನಡುವೆ ಒಂದು ಕಾಯಿ ನೇರಳೆ ಬಣ್ಣಕ್ಕೆ ತಿರುಗಿತ್ತು. ವಾರದೊಳಗೆ ಎಲ್ಲವೂ ಬೆಂಗಳೂರು ನೀಲಿ! ನರ್ಸರಿಯವರನ್ನು ಕೇಳಿದರೆ ‘ನಿಮ್ಮ ಮಣ್ಣಿನ ಗುಣ’ ಎಂದರು.

ತಳಿ ಮೇಷ್ಟ್ರು

ಮಣ್ಣು ತಳಿಯನ್ನು ಬದಲಾಯಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಬೇಡ. ಅಂದಹಾಗೆ, ಯುರೋಪಿನವರು ನಿಜವಾಗಿ ‘ಹೈಬ್ರಿಡ್’ ಎಂದು ಮೂಗು ಮುರಿಯುವುದು ನಿಮ್ಮ ಆ ಬಳ್ಳಿಯ ಬಳಗಕ್ಕೆ. ಬೆಂಗಳೂರು ನೀಲಿಯಲ್ಲಿ ಅಮೆರಿಕದ ಲಬ್ರುಸ್ಕಾ ಪ್ರಭೇದದ ಅಂಶವಿದೆ. ಅದರ ಬಳಗದ ಇಸಾಬೆಲ್ಲಾ ತಳಿಯ ವೈನನ್ನು ಯುರೋಪಿನ ಒಕ್ಕೂಟದ ಕಾನೂನು ಮಾರಾಟಕ್ಕೆ ಬಿಟ್ಟಿರಲಿಲ್ಲ. ಕೆರ್ನರಿಗೆ ಅಂಥ ಅಡ್ಡಿ ಎಂದೂ ಇರಲಿಲ್ಲ. ಒಂದೇ ಪ್ರಭೇದದೊಳಗಿನ ಸಂಕರಕ್ಕೂ ಎರಡು ಪ್ರಭೇದಗಳ ಸಂಕರಕ್ಕೂ ಜರ್ಮನರ ಭಾಷೆಯಲ್ಲಿ ಬೇರೆ ಬೇರೆ ಪದಗಳೇ ಇವೆ. ನಾವು ಮಾತ್ರ ಟೊಮೆಟೊ, ಕೋಳಿ, ಹಸು, ದ್ರಾಕ್ಷಿ ಎಲ್ಲವನ್ನೂ ‘ಹೈಬ್ರಿಡ್’ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ.

ನಂಜನಗೂಡಿನ ಬಾಳೆ

ಬೆಂಗಳೂರು ನೀಲಿಯನ್ನು ಹೀಗಳೆಯಬೇಡಿ. ಅದರ ಜ್ಯೂಸಿನ ಘಮ ಯಾವ ಜರ್ಮನ್ ದ್ರಾಕ್ಷಿಗೂ ಬರುವುದಿಲ್ಲ.

ಹಾಲಿನ ಡೇರಿ ರಸ್ತೆ

ಮೇಷ್ಟ್ರು ದಾಖಲೆಗಳನ್ನು ಬಹಳ ನಂಬುತ್ತಾರೆ. ಮ್ಯುಲ್ಲರ್-ಥುರ್ಗಾವು ಎಂಬ ಇನ್ನೊಂದು ಬಿಳಿ ದ್ರಾಕ್ಷಿ ತಳಿಯನ್ನು 1882ರಲ್ಲಿ ಹರ್ಮನ್ ಮ್ಯುಲ್ಲರ್ ಎಂಬವರು ಗೈಸನ್‌ಹೈಮಿನಲ್ಲಿ ತಯಾರಿಸಿದರು. ರೀಸ್ಲಿಂಗಿಗೆ ಸಿಲ್ವಾನರ್ ಸೇರಿಸಿದ್ದು ಎಂದು ನೂರು ವರ್ಷ ಎಲ್ಲರೂ ನಂಬಿದ್ದರು; ಸ್ವಿಟ್ಜರ್ಲೆಂಡಿನಲ್ಲಿ ಹೆಸರೇ ರೀಸ್ಲಿಂಗ್-ಸಿಲ್ವಾನರ್. ಡಿಎನ್‌ಎ ನೋಡಿದರೆ ಜೊತೆಗಾರ ಸಿಲ್ವಾನರ್ ಅಲ್ಲವೇ ಅಲ್ಲ, ಮದಲೇನ್ ರೊಯಾಲ್ ಎಂಬ ತಿನ್ನುವ ದ್ರಾಕ್ಷಿ. 1916ರ ಶೊಯ್‌ರೇಬೆ ಎಂಬ ತಳಿಯ ಕಥೆಯೂ ಇಂಥದ್ದೇ: ರೀಸ್ಲಿಂಗಿನ ಜೊತೆಗಾರ ಸಿಲ್ವಾನರ್ ಎಂದು ಬರೆದಿಟ್ಟರು, ಪರೀಕ್ಷಿಸಿದರೆ ಬುಕೆಟ್‌ರೇಬೆ. ಶ್ರೀರಂಗಪಟ್ಟಣದ ನರ್ಸರಿಯವರೊಬ್ಬರೇ ತಪ್ಪು ಚೀಟಿ ಕಟ್ಟಿದವರಲ್ಲ.

ತಳಿ ಮೇಷ್ಟ್ರು

ಒಪ್ಪಿದೆ, ಚಪ್ಪಾಳೆ ನಿಮಗೇ. ಆದರೆ ಕೆರ್ನರಿನ ತಂದೆ ತಾಯಿಯರು ಡಿಎನ್‌ಎ ಪರೀಕ್ಷೆಯಲ್ಲೂ ಹೆರೋಲ್ಡ್ ಬರೆದಿಟ್ಟವರೇ ಆಗಿದ್ದಾರೆ.

ನಿವೃತ್ತರಿಗೆ ಒಂದು ಸಲಹೆ. ಮಗಳ ಸೂಟ್‌ಕೇಸಿನಲ್ಲಿ ಕಡ್ಡಿ ತರಿಸುವ ಯೋಚನೆಯಿದ್ದರೆ ಈಗಲೇ ಬಿಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಇಲ್ಲದೆ ನೆಡುವ ಸಾಮಗ್ರಿಯನ್ನು ದೇಶದೊಳಗೆ ತರುವಂತಿಲ್ಲ. ಸಂಕರದ ಬಿಳಿ ದ್ರಾಕ್ಷಿಯೇ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೋಮ, ಅರ್ಕಾ ಕಾಂಚನ್ ಇವೆ. ಎರಡಕ್ಕೂ ತಂದೆ ತಾಯಿ ಒಂದೇ ಜೋಡಿ: ಅನಾಬ್-ಎ-ಶಾಹಿ ಮತ್ತು ಕ್ವೀನ್ ಆಫ್ ದಿ ವಿನ್ಯಾರ್ಡ್ಸ್. ಎರಡನೆಯದು ಹಂಗೇರಿಯ ಮಥಿಯಾಸ್ ಎಂಬ ತಳಿಗಾರನ ಸಂಕರ. ಮಸ್ಕಟ್ ಘಮ ಮಕ್ಕಳಿಗೆ ಬಂದದ್ದು ಅದರಿಂದ. ಅರ್ಕಾ ಸೋಮದಿಂದ ಸಿಹಿ ಬಿಳಿ ವೈನ್ ಮಾಡಬಹುದು ಎಂದು ಸಂಸ್ಥೆಯೇ ಶಿಫಾರಸು ಮಾಡಿದೆ.

ಕುವೆಂಪುನಗರದ ನಿವೃತ್ತ

ಕಡ್ಡಿಯ ಯೋಚನೆ ಇತ್ತು, ಈಗ ಬಿಟ್ಟೆ. ಅರ್ಕಾ ಸೋಮದ ಹತ್ತು ಬಳ್ಳಿ ಮನೆಯ ಮಟ್ಟಿಗೆ ಹಾಕೋಣವೆನಿಸುತ್ತಿದೆ. ವೈನ್ ಮಾಡಬೇಕಾದರೆ ಅಬಕಾರಿ ಪರವಾನಗಿ ಬೇಕಾಗುವುದರಿಂದ ಹಣ್ಣು ತಿನ್ನುವುದಷ್ಟೇ ನನ್ನ ಪಾಲಿಗೆ. ಉಳಿದ ಅರ್ಧ ಬಾಟಲಿ ಎಷ್ಟು ದಿನ ಇದ್ದೀತು?

ವಿಜಯನಗರ ಎರಡನೇ ಹಂತ

ಬಿರಡೆ ಬಿಗಿಯಾಗಿ ಹಾಕಿ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟರೆ ಮೂರು ನಾಲ್ಕು ದಿನ. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ ವಿನೆಗರ್ ಕಡೆಗೆ ತಿರುಗುತ್ತದೆ.

ಕೂಳೆ ಕಬ್ಬು

ಭಾವ, ಭಾನುವಾರದವರೆಗೆ ಇರುತ್ತದೆ ಎಂದಾಯಿತು. ವಡೆ ನಾನು ತರುತ್ತೇನೆ, ಚಟ್ನಿ ಬೇಡ.